ನಿಂತರೆ ನೋವು, ಮಲಗಿಸಿ ಸ್ಕ್ಯಾನ್: ಅಂಡಾಶಯದ ರಕ್ತನಾಳ ಮುಚ್ಚಿಸಿಕೊಂಡವರು ಇದ್ದೀರಾ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದಿಕೊಂಡು ಸುಮ್ಮನಿದ್ದವಳು, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನನಗೆ ಮೂವತ್ತೆಂಟು ವರ್ಷ, ಎರಡು ಹೆರಿಗೆಯಾಗಿದೆ. ಎರಡನೆಯದಾದ ಕೆಲವು ತಿಂಗಳಿಗೆ ಕಿಬ್ಬೊಟ್ಟೆಯ ಎಡಭಾಗದಲ್ಲಿ ನೋವು ಶುರುವಾಯಿತು. ಮಗುವಿಗೆ ಈಗ ಐದು ತುಂಬಿದೆ, ನೋವಿಗೂ ಹತ್ತಿರಹತ್ತಿರ ಅಷ್ಟೇ ವಯಸ್ಸು. ಚುಚ್ಚುವ ನೋವಲ್ಲ, ಜಗ್ಗುವ ನೋವು. ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಮೂರನೆಯ ಪೀರಿಯಡ್ ಹೊತ್ತಿಗೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸತೊಡಗುತ್ತೇನೆ, ಕೊನೆಯ ಪೀರಿಯಡ್ ಪೂರ್ತಿ ಮೇಜಿನ ಅಂಚಿಗೆ ಒರಗಿಯೇ ಕಳೆಯುತ್ತೇನೆ. ಮನೆಗೆ ಬಂದು ಕಾಲುಗಳನ್ನು ಗೋಡೆಗೆ ಆನಿಸಿ ಅರ್ಧ ಗಂಟೆ ಮಲಗಿದರೆ ಇಳಿಯುತ್ತದೆ. ಮುಟ್ಟಿನ ಹಿಂದಿನ ವಾರ ಜಾಸ್ತಿ. ಗಂಡ ಹೆಂಡತಿ ಸೇರಿದ ಮರುದಿನವೆಲ್ಲ ಜಾಸ್ತಿ. ಈ ಕೊನೆಯ ಮಾತನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಮೂರು ವರ್ಷ ಹಿಡಿಯಿತು.

ಈವರೆಗೆ ಮೂರು ಸ್ಕ್ಯಾನಿಂಗ್, ಒಂದು ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವುದು) ಆಗಿದೆ. ಎಲ್ಲದರಲ್ಲೂ ‘ನಾರ್ಮಲ್’. ಒಬ್ಬರು ಮನಸ್ಸಿನ ಒತ್ತಡ ಎಂದರು. ಇನ್ನೊಬ್ಬರು ‘ಮಕ್ಕಳಾಯಿತಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂದರು, ಹಳೆಯ ಕಪಾಟು ಸಾಗಿಸಿಬಿಡಿ ಎನ್ನುವ ಧಾಟಿಯಲ್ಲಿ. ಕಳೆದ ವಾರ ಹೊಸ ಡಾಕ್ಟರೊಬ್ಬರು ಫೈಲನ್ನು ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಪ್ರಶ್ನೆ: ‘ನಿಂತಾಗ ಹೇಗಿರುತ್ತದೆ, ಮಲಗಿದಾಗ ಹೇಗಿರುತ್ತದೆ?’ ಆಮೇಲೆ ಚೀಟಿಯಲ್ಲಿ ‘ಪೆಲ್ವಿಕ್ ಕಂಜೆಷನ್ ಸಿಂಡ್ರೋಮ್ ಶಂಕೆ’ ಎಂದು ಬರೆದು ಇಂಟರ್‌ವೆನ್ಷನಲ್ ರೇಡಿಯಾಲಜಿಗೆ, ಅಂದರೆ ಎಕ್ಸರೇ ಚಿತ್ರ ನೋಡುತ್ತಾ ನಾಳದೊಳಗಿನಿಂದ ಚಿಕಿತ್ಸೆ ಮಾಡುವ ವಿಭಾಗಕ್ಕೆ, ಕಳಿಸಿದ್ದಾರೆ. ಅಂಡಾಶಯದಿಂದ ಬರುವ ರಕ್ತನಾಳ ಉಬ್ಬಿರಬಹುದು, ಹೊಟ್ಟೆ ಕೊಯ್ಯದೆ ಒಳಗಿನಿಂದಲೇ ಅದನ್ನು ಮುಚ್ಚಬಹುದು ಎನ್ನುತ್ತಾರೆ.

ಮಾಡಿಸಿಕೊಂಡವರು ಯಾರಾದರೂ ಇದ್ದರೆ ನಿಜ ಹೇಳಿ. ನೋವಾಗುತ್ತದೆಯೇ? ಗುಣವಾಯಿತೇ?

ಬಾಲಂಗೋಚಿ:
ಅಕ್ಕ, ಮೇಜಿನ ಅಂಚಿಗೆ ಒರಗುವ ಮಾತು ಓದಿ ಬೆಚ್ಚಿಬಿದ್ದೆ. ನಾನು ಅಂಗಡಿಯ ಗಲ್ಲಾದ ಹಿಂದೆ ನಿಲ್ಲುವವಳು, ನನ್ನದೂ ಅದೇ ಭಂಗಿ. ನನ್ನ ಕಥೆಯಲ್ಲಿ ಒಂದು ತಮಾಷೆ ಬೇರೆ ಇದೆ. ಡಾಕ್ಟರು ‘ನರ ಉಬ್ಬಿದೆ’ ಎಂದರು. ನಾವು ಮನೆಮಂದಿಯೆಲ್ಲ ಯೋಚಿಸಿ ನರರೋಗ ತಜ್ಞರ ಬಳಿ ಹೋದೆವು! ಅವರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿ, ಚೆನ್ನಾಗಿದ್ದೀರಿ ಎಂದು ಕಳಿಸಿದರು. ಎರಡು ತಿಂಗಳು ದಂಡ.

ಶುದ್ಧಪದ:
ಅದಕ್ಕೇ ಹೇಳುವುದು. ಮಿದುಳಿನಿಂದ ಸುದ್ದಿ ಒಯ್ಯುವುದೂ ನಮ್ಮ ಬಾಯಲ್ಲಿ ‘ನರ’, ರಕ್ತ ಒಯ್ಯುವುದೂ ‘ನರ’. ಹೃದಯದಿಂದ ಹೊರಡುವುದು ಅಪಧಮನಿ, ಹೃದಯಕ್ಕೆ ಮರಳುವುದು ಅಭಿಧಮನಿ. ಇಲ್ಲಿ ಉಬ್ಬುವುದು ಅಭಿಧಮನಿ.

ಬಾಲಂಗೋಚಿ:
ಸರಿ ಮೇಷ್ಟ್ರೇ. ಆದರೆ ‘ಅಭಿಧಮನಿ ಉಬ್ಬಿದೆ’ ಎಂದಿದ್ದರೆ ನಮ್ಮ ಅತ್ತೆ ಇನ್ನೂ ದೊಡ್ಡ ಆಸ್ಪತ್ರೆಗೆ ಹೊರಡಿಸುತ್ತಿದ್ದರು.

ಹಳೆಯರೋಗಿ:
ಸಂಜೆಮಲ್ಲಿಗೆ ಅವರೇ, ನನಗೆ ಮಾಡಿ ನಾಲ್ಕು ವರ್ಷವಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪೂರ್ತಿ ಅರಿವಳಿಕೆ ಇರಲಿಲ್ಲ. ಮಂಪರು ಬರುವ ಔಷಧಿ ಕೊಟ್ಟರು, ಕುತ್ತಿಗೆಯ ಬಲಭಾಗದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಹಾಕಿದರು. ಮರಗಟ್ಟುವ ಮೊದಲಿನ ಉರಿ ಒಂದು ನಿಮಿಷ, ಅಷ್ಟೇ. ಅಲ್ಲಿಂದ ಕೆಥೀಟರ್ ಎನ್ನುವ ಸಣ್ಣ ಕೊಳವೆ ಇಳಿಸುತ್ತಾರೆ. ಹೃದಯವನ್ನು ಹಾದು ಹೋಗುವಾಗ ಎರಡು ಮೂರು ಬಡಿತ ತಪ್ಪಿದ ಹಾಗಾಯಿತು. ‘ಹೀಗಾಗುತ್ತದೆ, ಹೆದರಬೇಡಿ’ ಎಂದು ಮೊದಲೇ ಹೇಳಿದ್ದರು, ಆದರೂ ಹೆದರಿದೆ. ಎಕ್ಸರೇಯಲ್ಲಿ ನಾಳ ಕಾಣಲೆಂದು ಬಣ್ಣದ ದ್ರವ ಬಿಟ್ಟಾಗ ಹೊಟ್ಟೆಯೊಳಗೆ ಬೆಚ್ಚಗೆ ಹರಿದಂತಾಗುತ್ತದೆ, ಮೂತ್ರ ಹೋಗಿಯೇ ಬಿಟ್ಟಿತೇನೋ ಎನಿಸುತ್ತದೆ. ಹೋಗಿರುವುದಿಲ್ಲ.

ಆಮೇಲೆ ‘ಉಸಿರು ಹಿಡಿದು ತಿಣುಕಿ’ ಎಂದರು. ಪಕ್ಕದ ಪರದೆ ನನಗೂ ಕಾಣುತ್ತಿತ್ತು. ಮೇಲಕ್ಕೆ ಹೋಗಬೇಕಾದ ಕಪ್ಪು ಗೆರೆ ಸೀದಾ ಕೆಳಗಿಳಿದು, ಗರ್ಭಕೋಶದ ಪಕ್ಕದಲ್ಲಿ ಬಿಚ್ಚಲಾಗದ ಉಲ್ಲನ್ ಉಂಡೆಯ ಹಾಗೆ ಹರಡಿಕೊಂಡಿತು. ಆ ಕ್ಷಣ ನನಗೆ ಅಳು ಬಂತು, ನೋವಿಗಲ್ಲ. ಏಳು ವರ್ಷ ಏನೂ ಇಲ್ಲ ಎನ್ನಿಸಿಕೊಂಡದ್ದು ಅಲ್ಲಿ ಕಣ್ಣೆದುರಿಗಿತ್ತು.

ಮೊದಲು ಆ ಉಂಡೆಗೆ ನೊರೆಯಂತಹ ಔಷಧಿ ಬಿಟ್ಟರು, ನಂತರ ಮುಖ್ಯ ನಾಳದುದ್ದಕ್ಕೂ ಪ್ಲಾಟಿನಂ ಕಾಯಿಲ್‌ಗಳು. ಸಪೂರ ತಂತಿ, ಹೊರಬಂದ ಕೂಡಲೇ ಸುರುಳಿಯಾಗುತ್ತದೆ. ಅದಕ್ಕೆ ನವಿರಾದ ಎಳೆಗಳು ಅಂಟಿರುತ್ತವೆ, ರಕ್ತ ಅವುಗಳ ಮೇಲೆ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಕಾಯಿಲ್ ಬಿಡುವಾಗ ಎಡಪಕ್ಕೆಯಿಂದ ಯಾರೋ ದಾರ ಎಳೆದ ಹಾಗೆ. ಸುಮಾರು ಒಂದೂವರೆ ಗಂಟೆ. ಸಂಜೆ ಮನೆಗೆ ಬಂದೆ. ಕುತ್ತಿಗೆಯಲ್ಲಿ ಒಂದು ಸಣ್ಣ ಪ್ಲಾಸ್ಟರ್, ಹೊಲಿಗೆ ಇಲ್ಲ.

ಮುಂದಿನ ಐದು ದಿನದ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಹಳೆಯ ನೋವಿಗಿಂತ ಜಾಸ್ತಿ ನೋವು, ಸಣ್ಣ ಜ್ವರ, ಸುಸ್ತು. ಮುಚ್ಚಿದ ನಾಳದಲ್ಲಿ ಉರಿಯೂತವಾಗುವುದು ಸಾಮಾನ್ಯವಂತೆ. ನೋವಿನ ಮಾತ್ರೆ ನುಂಗಿ ಮಲಗಿದ್ದೆ. ಗುಣ ಗೊತ್ತಾಗಿದ್ದು ಎರಡನೆಯ ಮುಟ್ಟಿನ ನಂತರ. ಈಗ ನೂರಕ್ಕೆ ಎಂಬತ್ತು ಭಾಗ ಹೋಗಿದೆ. ಉಳಿದ ಇಪ್ಪತ್ತರ ಜೊತೆ ನನಗೆ ಜಗಳವಿಲ್ಲ.

ಪುರಾವೆಪ್ರಿಯ:
ಹಳೆಯರೋಗಿ ಅವರಿಗೆ ಗುಣವಾಗಿದ್ದು ಸಂತೋಷ. ಆದರೆ ಒಂದು ತಕರಾರು ಎತ್ತಲೇಬೇಕು. ಉಬ್ಬಿದ ನಾಳ ಕಂಡ ಮಾತ್ರಕ್ಕೆ ಅದೇ ನೋವಿನ ಮೂಲ ಎಂದಾಗುವುದಿಲ್ಲ. ಮೂತ್ರಪಿಂಡ ದಾನಕ್ಕೆಂದು ತಪಾಸಣೆಗೆ ಬಂದ ಆರೋಗ್ಯವಂತ ಹೆಂಗಸರ ಸ್ಕ್ಯಾನ್‌ಗಳಲ್ಲೂ ಹಿಗ್ಗಿದ ಅಂಡಾಶಯದ ಅಭಿಧಮನಿ ಕಂಡುಬಂದಿದೆ, ಅವರಲ್ಲಿ ಎಷ್ಟೋ ಮಂದಿಗೆ ನೋವೇ ಇರಲಿಲ್ಲ. ಎರಡನೆಯದು, ಈ ಚಿಕಿತ್ಸೆಯ ಬಗ್ಗೆ ಇರುವ ವರದಿಗಳಲ್ಲಿ ಹೆಚ್ಚಿನವು ‘ಇಷ್ಟು ಮಂದಿಗೆ ಮಾಡಿದೆವು, ಇಷ್ಟು ಮಂದಿಗೆ ಕಡಿಮೆಯಾಯಿತು’ ಎನ್ನುವ ಬಗೆಯವು. ಹೋಲಿಸಲು ಇನ್ನೊಂದು ಗುಂಪು ಇರುವುದಿಲ್ಲ. 2011ರಲ್ಲಿ ಅಮೆರಿಕದ ರಕ್ತನಾಳ ತಜ್ಞರ ಸಂಘಗಳು ಹೊರಡಿಸಿದ ಮಾರ್ಗಸೂಚಿ ಇದನ್ನು ಮಾಡಬಹುದು ಎಂದಿತು, ಆದರೆ ಕೊಟ್ಟ ದರ್ಜೆ 2ಬಿ. ಅಂದರೆ ದುರ್ಬಲ ಶಿಫಾರಸು, ಮಧ್ಯಮ ಗುಣಮಟ್ಟದ ಪುರಾವೆ.

ಹಳೆಯರೋಗಿ:
ನನ್ನ ನೋವಿಗೆ ದರ್ಜೆ ಕೊಡುವವರು ಯಾರು ಸ್ವಾಮಿ?

ಪುರಾವೆಪ್ರಿಯ:
ನಿಮ್ಮ ನೋವನ್ನು ಅನುಮಾನಿಸುತ್ತಿಲ್ಲ ಮೇಡಂ. ಚಿಕಿತ್ಸೆಯನ್ನು ಅನುಮಾನಿಸುತ್ತಿದ್ದೇನೆ. ಎರಡೂ ಬೇರೆ.

ಕಪ್ಪುಬಿಳುಪು:
ನಾನು ಸ್ಕ್ಯಾನಿಂಗ್ ವಿಭಾಗದಲ್ಲಿ ಹದಿನೇಳು ವರ್ಷದಿಂದ ತಂತ್ರಜ್ಞೆ, ಡಾಕ್ಟರಲ್ಲ. ಆದರೆ ಸಂಜೆಮಲ್ಲಿಗೆ ಅವರ ಮೂರು ‘ನಾರ್ಮಲ್’ ಸ್ಕ್ಯಾನ್‌ಗಳ ಬಗ್ಗೆ ನನಗೆ ಹೇಳಲು ಇದೆ.

ಬಲ ಅಂಡಾಶಯದ ಅಭಿಧಮನಿ ಹೊಟ್ಟೆಯ ದೊಡ್ಡ ಅಭಿಧಮನಿಗೆ ನೇರವಾಗಿ, ಓರೆಯಾಗಿ ಸೇರುತ್ತದೆ. ಎಡಭಾಗದ್ದು ಹಾಗಲ್ಲ. ಅದು ಮೊದಲು ಎಡ ಮೂತ್ರಪಿಂಡದ ಅಭಿಧಮನಿಗೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಹೋಗಿ ಕೂಡುತ್ತದೆ. ತೊಂದರೆ ಎಡಗಡೆಗೇ ಹೆಚ್ಚು ಬರುವುದಕ್ಕೆ ಇದೊಂದು ಕಾರಣ. ರಕ್ತ ಕೆಳಗೆ ಜಾರದಂತೆ ಒಳಗೆ ಸಣ್ಣ ಕವಾಟಗಳಿರುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಕೆಲವರಿಗೆ ಬಸಿರಿನಲ್ಲಿ ನಾಳ ಹಿಗ್ಗಿದಾಗ ಕವಾಟದ ಎರಡು ರೆಕ್ಕೆಗಳು ಒಂದಕ್ಕೊಂದು ತಾಗದೆ ಹೋಗುತ್ತವೆ. ಹೆರಿಗೆಯಾದ ಮೇಲೆ ಎಲ್ಲರಿಗೂ ಮೊದಲಿನ ಅಳತೆ ಮರಳುವುದಿಲ್ಲ. ಎರಡು ಮೂರು ಹೆರಿಗೆಯಾದವರಲ್ಲೇ ಇದು ಹೆಚ್ಚಾಗಿ ಕಾಣುವುದು ಅದಕ್ಕೇ. ನಿಂತರೆ ರಕ್ತ ಕೆಳಗಿಳಿದು ಕೂರುತ್ತದೆ, ಮಲಗಿದರೆ ಖಾಲಿಯಾಗುತ್ತದೆ.

ಈಗ ನಾವು ಮಾಡುವುದೇನು? ರೋಗಿ ಬಂದ ಕೂಡಲೇ ‘ಮಲಗಿಕೊಳ್ಳಿ ಅಮ್ಮ’ ಎನ್ನುತ್ತೇವೆ. ನಿಂತಾಗ ಬರುವ ನೋವನ್ನು ಮಲಗಿಸಿ ಹುಡುಕುತ್ತೇವೆ. ಲ್ಯಾಪರೊಸ್ಕೋಪಿಯಲ್ಲಿ ಇನ್ನೂ ಚೆಂದ. ತಲೆಯ ಕಡೆ ಮೇಜನ್ನು ತಗ್ಗಿಸಿ, ಹೊಟ್ಟೆಗೆ ಅನಿಲ ತುಂಬುತ್ತಾರೆ. ಉಬ್ಬಿದ ನಾಳ ಇದ್ದರೂ ಆ ಒತ್ತಡಕ್ಕೆ ಚಪ್ಪಟೆಯಾಗಿ ಬಿಡುತ್ತದೆ.

ಆದ್ದರಿಂದ ಡಾಪ್ಲರ್ (ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿಸುವಾಗ ಕೇಳಿ: ನಿಲ್ಲಿಸಿ ಅಥವಾ ಅರೆ ಕೂರಿಸಿ, ತಿಣುಕಿಸಿ ನೋಡುತ್ತೀರಾ ಎಂದು. ಅಗಲ ಎಷ್ಟಿದ್ದರೆ ರೋಗ ಎನ್ನುವುದಕ್ಕೆ ಒಬ್ಬರು 6 ಮಿಲಿಮೀಟರ್ ಎನ್ನುತ್ತಾರೆ, ಇನ್ನೊಬ್ಬರು 8 ಎನ್ನುತ್ತಾರೆ. ನನ್ನ ಕಣ್ಣಿಗೆ ಅಗಲಕ್ಕಿಂತ ಮುಖ್ಯ ರಕ್ತ ಹಿಮ್ಮುಖವಾಗಿ ಹರಿಯುತ್ತಿದೆಯೇ ಎನ್ನುವುದು.

ಸಂಜೆಮಲ್ಲಿಗೆ:
ಕಪ್ಪುಬಿಳುಪು ಅಕ್ಕ, ಐದು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಲಿಲ್ಲ. ಮೂರು ಸಲವೂ ಬೆಳಿಗ್ಗೆ ಎಂಟು ಗಂಟೆಗೆ ಕರೆದಿದ್ದರು. ನೋವು ಹುಟ್ಟುವುದೇ ಹನ್ನೊಂದಕ್ಕೆ.

ಗಡಿಯಾರ:
ಹನ್ನೊಂದಕ್ಕೆ ಹುಟ್ಟುವ ನೋವಿಗೆ ಎಂಟಕ್ಕೆ ಸ್ಕ್ಯಾನ್. ಇಷ್ಟೇ ಸಾಕು, ಇನ್ನೇನೂ ಬರೆಯಬೇಕಿಲ್ಲ.

ತೋಟದಮನೆ:
ನನ್ನ ನಾದಿನಿಗೂ ಇದನ್ನೇ ಮಾಡಿದ್ದಾರೆ. ಗರ್ಭಕೋಶದ ಗಡ್ಡೆಗೆ. ತೊಡೆಸಂದಿಯಿಂದ ಏನೋ ಬಿಟ್ಟು ಗಡ್ಡೆ ಒಣಗಿಸಿದರು. ಚೆನ್ನಾಗಿದ್ದಾಳೆ.

ಕಪ್ಪುಬಿಳುಪು:
ಅದು ಬೇರೆ ಅಕ್ಕ. ನಿಮ್ಮ ನಾದಿನಿಗೆ ಮುಚ್ಚಿದ್ದು ಗಡ್ಡೆಗೆ ರಕ್ತ ಒಯ್ಯುವ ಅಪಧಮನಿಯನ್ನು, ಮರಳಿನಂತಹ ಕಣಗಳಿಂದ. ಫ್ರಾನ್ಸಿನ ವೈದ್ಯರು 1995ರಲ್ಲಿ ಗಡ್ಡೆಯ ಚಿಕಿತ್ಸೆಯೆಂದು ಅದರ ಮೊದಲ ವರದಿ ಕೊಟ್ಟರು. ಇಲ್ಲಿ ಮುಚ್ಚುವುದು ರಕ್ತ ಮರಳುವ ಅಭಿಧಮನಿಯನ್ನು. ಇದರ ಮೊದಲ ವರದಿ 1993ರದ್ದು. ಒಂದು ಬರುವ ನೀರಿನ ನಲ್ಲಿ ತಿರುಗಿಸಿದ ಹಾಗೆ, ಇನ್ನೊಂದು ಕಟ್ಟಿ ನಿಂತ ಬಚ್ಚಲು ಕಾಲುವೆಯ ಕಥೆ.

ಶುದ್ಧಪದ:
ನೋಡಿದಿರಾ? ಅಪ, ಅಭಿ. ಎರಡಕ್ಷರದಲ್ಲಿ ಇಡೀ ಚಿಕಿತ್ಸೆ ತಿರುಗಿ ಕೂರುತ್ತದೆ.

ಬಾಲಂಗೋಚಿ:
ಒಪ್ಪಿದೆ ಮೇಷ್ಟ್ರೇ, ಈ ಸಲ ನೀವೇ ಗೆದ್ದಿರಿ.

ಗರ್ಭಕೋಶವಿಲ್ಲದವಳು:
ಗರ್ಭಕೋಶ ತೆಗೆಸಿಬಿಡಿ ಎಂದವರ ಮಾತು ಕೇಳಿ ತೆಗೆಸಿದವಳು ನಾನು, ನಲವತ್ತೊಂದರಲ್ಲಿ. ಆರು ವಾರ ಮನೆಯಲ್ಲಿ ಬಿದ್ದಿದ್ದೆ. ಮುಟ್ಟು ನಿಂತಿತು, ಸಂಜೆಯ ನೋವು ನಿಲ್ಲಲಿಲ್ಲ. ಆಮೇಲೆ ಗೊತ್ತಾಯಿತು, ಹಿಂದಕ್ಕೆ ಹರಿಯುತ್ತಿದ್ದ ನಾಳ ಇದ್ದಲ್ಲೇ ಇತ್ತು ಎಂದು. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ.

ಪುರಾವೆಪ್ರಿಯ:
ಇಲ್ಲಿ ನನ್ನ ಪಕ್ಷದಿಂದಲೇ ನಿಮ್ಮ ಕಡೆಗೊಂದು ಸಾಕ್ಷಿ ಕೊಡುತ್ತೇನೆ. 2003ರಲ್ಲಿ ಕೊರಿಯಾದಿಂದ ಬಂದ ಒಂದು ಅಧ್ಯಯನದಲ್ಲಿ ಮಾತ್ರೆಗಳಿಗೆ ಬಗ್ಗದ 106 ಹೆಂಗಸರನ್ನು ಗುಂಪುಗಳಾಗಿ ಹಂಚಿ, ಕೆಲವರಿಗೆ ಎಂಬೊಲೈಜೇಷನ್ (ಇದೇ ನಾಳ ಮುಚ್ಚುವ ಚಿಕಿತ್ಸೆ), ಉಳಿದವರಿಗೆ ಅಂಡಾಶಯದ ಸಮೇತ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿದರು. ನೋವು ಹೆಚ್ಚು ಇಳಿದದ್ದು ಎಂಬೊಲೈಜೇಷನ್ ಗುಂಪಿನಲ್ಲಿ. ಅದು ಸಣ್ಣ ಅಧ್ಯಯನವೇ. ಆದರೂ ಮೊದಲ ಭೇಟಿಯಲ್ಲೇ ಗರ್ಭಕೋಶಕ್ಕೆ ಕೈಹಾಕುವವರು ಓದಬೇಕಾದದ್ದು.

ಹಳೆಯರೋಗಿ:
ಅಬ್ಬಾ, ಕೊನೆಗೂ.

ಗಂಡನೊಬ್ಬ:
ಹೆಂಗಸರ ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಹೆಂಡತಿಗೂ ಎಡಗಡೆ ಇಂಥದೇ ನೋವು, ಜೊತೆಗೆ ಆಗಾಗ ಮೂತ್ರದಲ್ಲಿ ರಕ್ತದ ಅಂಶ ಬರುತ್ತಿದೆ. ಕಲ್ಲಿಲ್ಲ ಎಂದಿದ್ದಾರೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಕಪ್ಪುಬಿಳುಪು:
ಇರಬಹುದು ಸರ್, ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಎಡ ಮೂತ್ರಪಿಂಡದ ಅಭಿಧಮನಿ ಎರಡು ದೊಡ್ಡ ಅಪಧಮನಿಗಳ ನಡುವಿನ ಸಂದಿನಲ್ಲಿ ಹಾದುಬರುತ್ತದೆ. ಕೆಲವರಿಗೆ ಆ ಸಂದು ಇಕ್ಕಟ್ಟು, ಅಡಕತ್ತರಿಗೆ ಸಿಕ್ಕ ಅಡಕೆಯ ಹಾಗೆ. ಇಂಗ್ಲಿಷಿನಲ್ಲಿ ಅದಕ್ಕೆ ನಟ್‌ಕ್ರ್ಯಾಕರ್ ಎಂದೇ ಹೆಸರು. ಆಗ ಮೂತ್ರಪಿಂಡದ ರಕ್ತ ಬೇರೆ ದಾರಿಯಿಲ್ಲದೆ ಅಂಡಾಶಯದ ನಾಳದಲ್ಲಿ ಕೆಳಗಿಳಿಯುತ್ತದೆ. ಅಂಥವರಲ್ಲಿ ಆ ನಾಳವನ್ನು ಆತುರದಲ್ಲಿ ಮುಚ್ಚಿದರೆ ಮೂತ್ರಪಿಂಡಕ್ಕಿದ್ದ ಒಂದು ಹೊರದಾರಿಯನ್ನೇ ಮುಚ್ಚಿದಂತೆ.

ಇನ್ನೊಂದು ಸಂದು ಕೆಳಗಿದೆ. ಎಡಗಾಲಿನಿಂದ ಬರುವ ಅಭಿಧಮನಿಯನ್ನು ಬಲಗಡೆಯ ಅಪಧಮನಿ ಬೆನ್ನೆಲುಬಿಗೆ ಒತ್ತಿಹಿಡಿಯುವುದು. ಅದನ್ನು 1957ರಲ್ಲಿ ವಿವರಿಸಿದ ಮೇ ಮತ್ತು ಥರ್ನರ್ ಹೆಸರಿನಲ್ಲಿ ಕರೆಯುತ್ತಾರೆ. ಹಾಗಾಗಿ ಒಳ್ಳೆಯ ತಂಡ ಮೊದಲು ರಕ್ತ ಎಲ್ಲಿಂದ ಹಿಂದಕ್ಕೆ ಬರುತ್ತಿದೆ ಎಂದು ಪೂರ್ತಿ ನಕ್ಷೆ ತೆಗೆಯುತ್ತದೆ, ಆಮೇಲೆ ಕಾಯಿಲ್‌ನ ಮಾತು.

ಗಂಡನೊಬ್ಬ:
ಧನ್ಯವಾದ. ನಾಳೆಯೇ ಮತ್ತೆ ತೋರಿಸುತ್ತೇವೆ.

ಬಳ್ಳಿಕಾಲು:
ನನ್ನ ತೊಡೆಯ ಹಿಂಭಾಗದಲ್ಲಿ, ಹೇಳಲು ಸಂಕೋಚವಾದರೂ ಒಳತೊಡೆಯ ತುದಿಯಲ್ಲೂ ನೀಲಿ ನಾಳಗಳು ಎದ್ದಿದ್ದವು. ಎರಡನೆಯ ಬಸಿರಿನಲ್ಲಿ ಬಂದವು ಹೋಗಲೇ ಇಲ್ಲ. ಕಾಲಿನ ವೆರಿಕೋಸ್ ಎಂದು ಎರಡು ಸಲ ಲೇಸರ್ ಮಾಡಿಸಿದೆ, ಎರಡೂ ಸಲ ಮರುಕಳಿಸಿತು. ಮೂರನೆಯ ಡಾಕ್ಟರು ಕಾಲು ಬಿಟ್ಟು ಹೊಟ್ಟೆ ನೋಡಿದರು. ಮೂಲ ಅಲ್ಲಿತ್ತು. ಮೇಲಿನ ಸೋರಿಕೆ ನಿಲ್ಲಿಸದೆ ಕೆಳಗೆ ಒರೆಸುತ್ತಾ ಕೂತಿದ್ದೆವು.

ಎಂಡೋಸಖಿ:
ಎಲ್ಲರೂ ಗುಣವಾದ ಕಥೆಯನ್ನೇ ಬರೆಯುತ್ತಿದ್ದೀರಿ, ನನ್ನದು ಕೇಳಿ. ನನಗೂ ಎಡ ನಾಳ ಉಬ್ಬಿತ್ತು, ಮುಚ್ಚಿದರು. ಕೆಲಸ ಅಚ್ಚುಕಟ್ಟಾಗಿಯೇ ಆಯಿತು, ಆಮೇಲಿನ ಸ್ಕ್ಯಾನಿನಲ್ಲಿ ಹಿಂಹರಿವು ಇಲ್ಲ. ನೋವು ಮಾತ್ರ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಒಂದೂವರೆ ವರ್ಷದ ನಂತರ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂತಹ ಅಂಗಾಂಶ ಹೊರಗೆ ಬೆಳೆಯುವ ರೋಗ) ಸಿಕ್ಕಿತು. ಹಿಂದಿರುಗಿ ನೋಡಿದರೆ ನನ್ನ ನೋವು ನಿಂತಾಗ ಹೆಚ್ಚುತ್ತಿರಲೇ ಇಲ್ಲ, ಮಲಗಿದರೆ ಇಳಿಯುತ್ತಲೂ ಇರಲಿಲ್ಲ. ಮುಟ್ಟಿನ ಎರಡು ದಿನ ಪ್ರಾಣ ಹೋಗುತ್ತಿತ್ತು. ಚಿತ್ರದಲ್ಲಿ ನಾಳ ಕಂಡಿತು, ಎಲ್ಲರೂ ಅದರ ಹಿಂದೆ ಓಡಿದೆವು. ನಾನೂ ಓಡಿದೆ, ಡಾಕ್ಟರನ್ನೇ ದೂರುವುದಿಲ್ಲ.

ಪುರಾವೆಪ್ರಿಯ:
ನಾನು ಹೇಳುತ್ತಿದ್ದದ್ದು ಇದನ್ನೇ. ಆರು ತಿಂಗಳು ಮೀರಿದ ಕಿಬ್ಬೊಟ್ಟೆ ನೋವಿನ ಪಟ್ಟಿ ಉದ್ದವಿದೆ: ಎಂಡೊಮೆಟ್ರಿಯೋಸಿಸ್, ಮೂತ್ರಕೋಶ, ಕರುಳು, ಸೊಂಟದ ತಳದ ಸ್ನಾಯು ಸೆಟೆದುಕೊಳ್ಳುವುದು. ಒಬ್ಬರಿಗೇ ಎರಡು ಮೂರು ಇರಬಹುದು. ಚಿತ್ರಕ್ಕೆ ಚಿಕಿತ್ಸೆ ಮಾಡಬಾರದು, ಲಕ್ಷಣಕ್ಕೆ ಮಾಡಬೇಕು. 2021ರಲ್ಲಿ ತಜ್ಞರು ಕಂಜೆಷನ್ ಸಿಂಡ್ರೋಮ್ ಎಂಬ ಹೆಸರನ್ನೇ ಕೈಬಿಟ್ಟು, ಲಕ್ಷಣ ಏನು, ಉಬ್ಬಿದ ನಾಳ ಎಲ್ಲಿ, ಅದಕ್ಕೆ ಕಾರಣ ಏನು ಎಂದು ಮೂರನ್ನೂ ಬೇರೆಬೇರೆ ಬರೆದಿಡುವ ವರ್ಗೀಕರಣ ತಂದದ್ದೂ ಈ ಗೊಂದಲ ಕಳೆಯಲಿಕ್ಕೇ.

ಮುಟ್ಟುನಿಂತವಳು:
ನನಗೆ ಐವತ್ತಮೂರು. ನಿಮ್ಮದೇ ನೋವು ನನಗೂ ಹನ್ನೆರಡು ವರ್ಷ ಇತ್ತು. ಮುಟ್ಟು ನಿಂತ ಮೇಲೆ ತಾನಾಗಿ ಇಳಿಯಿತು. ಹಾರ್ಮೋನು ಕಡಿಮೆಯಾದರೆ ನಾಳವೂ ಸುಮ್ಮನಾಗುತ್ತದಂತೆ. ಸ್ವಲ್ಪ ತಾಳ್ಮೆ ಇರಲಿ ಮಗಳೇ.

ಹಳೆಯರೋಗಿ:
ಅಮ್ಮ, ಅವರಿಗೆ ಮೂವತ್ತೆಂಟು. ತಾಳ್ಮೆ ಎಂದರೆ ಹತ್ತು ಹನ್ನೆರಡು ವರ್ಷ ಮೇಜಿಗೆ ಒರಗಿ ಪಾಠ ಮಾಡುವುದು.

ಮುಟ್ಟುನಿಂತವಳು:
ಅದೂ ನಿಜವೇ. ನಮ್ಮ ಕಾಲದಲ್ಲಿ ಕೇಳುವವರಿರಲಿಲ್ಲ, ತಾಳುವುದೊಂದೇ ಗೊತ್ತಿತ್ತು.

ಮೂಗುತಿ:
ಕಾಯಿಲ್ ಹಾಕಿಸಿಕೊಂಡರೆ ಎಂಆರ್‌ಐ ಮಾಡಿಸಬಹುದೇ? ವಿಮಾನ ನಿಲ್ದಾಣದಲ್ಲಿ ಗಂಟೆ ಹೊಡೆಯುತ್ತದೆಯೇ?

ಹಳೆಯರೋಗಿ:
ಒಮ್ಮೆಯೂ ಹೊಡೆದಿಲ್ಲ. ಬಳೆಗೆ ಹೊಡೆದಿದೆ.

ಕಪ್ಪುಬಿಳುಪು:
ಪ್ಲಾಟಿನಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ, ಸಾಮಾನ್ಯವಾಗಿ ಎಂಆರ್‌ಐಗೆ ತೊಂದರೆಯಿಲ್ಲ. ಆದರೂ ಯಾವ ಸಾಧನ ಹಾಕಿದ್ದಾರೆ ಎಂಬ ಕಾರ್ಡ್ ಕೇಳಿ ಪಡೆದು ಜೋಪಾನ ಮಾಡಿ, ಎಂಆರ್‌ಐ ಕೋಣೆಯವರಿಗೆ ತೋರಿಸಿ. ಕಾಯಿಲ್ ಬದಲು ಕೆಲವರು ಬಿರಡೆಯಂತಹ ಪ್ಲಗ್ ಬಳಸುತ್ತಾರೆ. ಅದರ ಬಲೆ ನಿಕಲ್ ಮತ್ತು ಟೈಟೇನಿಯಂ ಮಿಶ್ರಲೋಹದ್ದು. ಮೂಗುತಿ, ಓಲೆಯ ನಿಕಲ್‌ಗೆ ಚರ್ಮ ಕೆರೆಯುವವರು ಅದನ್ನು ಮೊದಲೇ ಹೇಳಬೇಕು. ಹೆಸರಿಗೆ ತಕ್ಕ ಪ್ರಶ್ನೆ ಕೇಳಿದಿರಿ!

ಮೂಗುತಿ:
ನನ್ನದು ಚಿನ್ನದ್ದೇ ಸ್ವಾಮಿ.

ಹೊಸಹೆಜ್ಜೆ:
ನನಗೆ ಇನ್ನೊಂದು ಮಗು ಬೇಕೆಂದಿದೆ. ಅಂಡಾಶಯದ ನಾಳ ಮುಚ್ಚಿದರೆ ಅಂಡಾಶಯ ಸಾಯುವುದಿಲ್ಲವೇ? ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಹೆದರಿಸುತ್ತಿದ್ದಾರೆ.

ಕಪ್ಪುಬಿಳುಪು:
ಅಂಡಾಶಯಕ್ಕೆ ರಕ್ತ ತರುವ ಅಪಧಮನಿಯನ್ನು ಮುಟ್ಟುವುದಿಲ್ಲ. ಮರಳುವ ರಕ್ತಕ್ಕೆ ಪಕ್ಕದ ದಾರಿಗಳಿವೆ. ಇದಾದ ಮೇಲೆ ಬಸಿರಾಗಿ ಹೆತ್ತವರ ವರದಿಗಳೂ ಇವೆ. ಆದರೆ ಬಸಿರಿದ್ದಾಗ ಇದನ್ನು ಮಾಡುವುದಿಲ್ಲ, ಎಕ್ಸರೇ ಕಿರಣ ಬಳಸುವ ಕೆಲಸ. ಅದಕ್ಕೇ ಮೊದಲು ಗರ್ಭ ಪರೀಕ್ಷೆ ಮಾಡುತ್ತಾರೆ. ಮುಂದಿನ ಬಸಿರಿನಲ್ಲಿ ಬೇರೆ ನಾಳಗಳು ಹಿಗ್ಗಬಹುದು ಎನ್ನುವ ಕಾರಣಕ್ಕೆ, ಮಗು ಬೇಕೆನ್ನುವವರಿಗೆ ‘ಹೆರಿಗೆ ಮುಗಿಸಿಕೊಂಡು ಬನ್ನಿ’ ಎನ್ನುವ ಡಾಕ್ಟರೂ ಇದ್ದಾರೆ. ಅದನ್ನು ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನಿಸಿ.

ಸಿಡುಕಿ:
ಒಂದು ಮಾತು ಕೇಳುತ್ತೇನೆ. ಗಂಡಸರಿಗೆ ವೃಷಣದ ಸುತ್ತ ನಾಳ ಉಬ್ಬಿದರೆ ವೆರಿಕೋಸೀಲ್ ಎನ್ನುತ್ತಾರೆ. ಅದೇ ನಾಳ, ಅದೇ ಎಡಗಡೆ, ಅದೇ ಲಂಬಕೋನ, ಅದೇ ಕವಾಟ. ಡಾಕ್ಟರು ನಿಲ್ಲಿಸಿಯೇ ಪರೀಕ್ಷೆ ಮಾಡುತ್ತಾರೆ! ‘ನಿಮ್ಮ ಮನಸ್ಸಿಗೆ ಒತ್ತಡವಿದೆ, ಯೋಗ ಮಾಡಿ’ ಎಂದು ಯಾವ ಗಂಡಸನ್ನಾದರೂ ಕಳಿಸಿದ್ದು ಕೇಳಿದ್ದೀರಾ? ಹೆಂಗಸರ ಹೊಟ್ಟೆಯೊಳಗಿನ ಉಬ್ಬಿದ ನಾಳಗಳನ್ನು ಫ್ರಾನ್ಸಿನ ರಿಷೆ ಎಂಬಾತ 1857ರಲ್ಲೇ ಬರೆದಿಟ್ಟಿದ್ದಾನೆ. 1949ರಲ್ಲಿ ಅಮೆರಿಕದ ಹೋವರ್ಡ್ ಟೇಲರ್ ಎಂಬ ಸ್ತ್ರೀರೋಗ ತಜ್ಞ ರಕ್ತ ಕಟ್ಟಿಕೊಳ್ಳುವುದಕ್ಕೂ ನೋವಿಗೂ ಗಂಟುಹಾಕಿದ, ಆದರೆ ಜೊತೆಗೇ ಮನಸ್ಸಿನ ಒತ್ತಡವನ್ನೂ ಕಾರಣದ ಸಾಲಿಗೆ ಸೇರಿಸಿದ. ಮೊದಲನೆಯದನ್ನು ಎಲ್ಲರೂ ಮರೆತರು, ಎರಡನೆಯದನ್ನು ಇವತ್ತಿಗೂ ಯಾರೂ ಮರೆತಿಲ್ಲ.

ಗಂಡನೊಬ್ಬ:
ನನಗೆ ವೆರಿಕೋಸೀಲ್ ಆಗಿತ್ತು. ನಿಲ್ಲಿಸಿಯೇ ನೋಡಿದರು. ಈ ಹೋಲಿಕೆ ಇವತ್ತಿನವರೆಗೆ ತಲೆಗೆ ಹೊಳೆದಿರಲಿಲ್ಲ.

ಸಿಡುಕಿ:
ಹೊಳೆಯಿತಲ್ಲ, ಸಾಕು.

ನಿರ್ವಾಹಕಿ:
ಎರಡು ಉತ್ತರಗಳನ್ನು ತೆಗೆದಿದ್ದೇನೆ. ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು, ಮಾತ್ರೆಯ ಪ್ರಮಾಣ ಇಲ್ಲಿ ಬೇಡ. ಅನುಭವ ಬರೆಯಿರಿ. ಶುದ್ಧಪದ ಅವರೇ, ‘ಕಿಬ್ಬೊಟ್ಟೆ’ಯ ಸಂಧಿ ಬಿಡಿಸುವುದಕ್ಕೆ ಬೇರೆ ಚರ್ಚೆ ತೆರೆಯಿರಿ.

ಮಾತ್ರೆಡಬ್ಬಿ:
ಮಾತ್ರೆಯ ಹಾದಿಯನ್ನು ಯಾರೂ ಎತ್ತಲಿಲ್ಲ. ನನಗೆ ಮೊದಲು ಹಾರ್ಮೋನಿನ ಮಾತ್ರೆ ಕೊಟ್ಟರು. ನುಂಗುವಷ್ಟು ದಿನ ಸುಮಾರಾಗಿತ್ತು, ತೂಕ ಏರಿತು, ಬಿಟ್ಟ ಎರಡು ತಿಂಗಳಿಗೆ ನೋವು ಮರಳಿ ಬಂತು. ನಾಳದ ಬಿಗಿ ಹೆಚ್ಚಿಸುವ ಇನ್ನೊಂದು ಮಾತ್ರೆಯಿಂದ ಭಾರ ಸ್ವಲ್ಪ ಕಡಿಮೆಯಾಯಿತು. ಅದರಲ್ಲೇ ಕಾಲ ಹಾಕುತ್ತಿದ್ದೇನೆ. ಕುತ್ತಿಗೆಗೆ ಸೂಜಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ.

ಸಂಜೆಮಲ್ಲಿಗೆ:
ಅಪಾಯಗಳ ಬಗ್ಗೆಯೂ ಯಾರಾದರೂ ಹೇಳುತ್ತೀರಾ? ಕಾಯಿಲ್ ಜಾರಿ ಬೇರೆಲ್ಲೋ ಹೋಗುತ್ತದೆ ಎಂದು ಎಲ್ಲೋ ಓದಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಪುರಾವೆಪ್ರಿಯ:
ಆಗುವುದು ಅಪರೂಪ, ಆದರೆ ಆಗುತ್ತದೆ. ನಾಳಕ್ಕಿಂತ ಸಣ್ಣ ಕಾಯಿಲ್ ಹಾಕಿದರೆ ರಕ್ತದ ಜೊತೆ ಹೃದಯದ ಕಡೆಗೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಬಹುದು. ಹೆಚ್ಚಿನ ಸಲ ಕುಣಿಕೆಯಂತಹ ಸಾಧನದಿಂದ ಹಿಡಿದು ಎಳೆದು ತೆಗೆಯುತ್ತಾರೆ. ಬಣ್ಣದ ದ್ರವಕ್ಕೆ ಅಲರ್ಜಿ, ಕೆಥೀಟರ್ ತಗುಲಿ ನಾಳ ತೂತಾಗುವುದು, ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟುವುದು ಇವೂ ಇವೆ. ಮುಚ್ಚಿದ ಮೇಲೂ ಬೇರೆ ನಾಳ ಉಬ್ಬಿ ನೋವು ಮರಳಬಹುದು. 2018ರಲ್ಲಿ ಕಾಯಿಲ್ ಮತ್ತು ಪ್ಲಗ್ ಎರಡನ್ನೂ 100 ಹೆಂಗಸರಲ್ಲಿ ಹೋಲಿಸಿ ನೋಡಿದ್ದಾರೆ. ಒಂದು ವರ್ಷದ ನಂತರ ನೋವಿನ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಸಮ, ಪ್ಲಗ್ ಗುಂಪಿಗೆ ಕಿರಣದ ಪ್ರಮಾಣ ಕಡಿಮೆ ಸಾಕಾಯಿತು. ಈ ಹೋಲಿಕೆಯಲ್ಲೂ ಏನೂ ಮಾಡಿಸಿಕೊಳ್ಳದ ಗುಂಪು ಇರಲಿಲ್ಲ ಎಂದು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ನನ್ನದೊಂದು ಕೋರಿಕೆ. ಏನೇ ತೀರ್ಮಾನಿಸುವ ಮೊದಲು ಮೂರು ವಾರ ನೋವಿನ ಲೆಕ್ಕ ಬರೆಯಿರಿ. ಸೊನ್ನೆಯಿಂದ ಹತ್ತು. ಬೆಳಿಗ್ಗೆ ಒಂದು, ಸಂಜೆ ಒಂದು, ಆ ದಿನ ಎಷ್ಟು ಹೊತ್ತು ನಿಂತಿರಿ ಎನ್ನುವುದು ಪಕ್ಕದಲ್ಲಿ.

ಸಂಜೆಮಲ್ಲಿಗೆ:
ಲೆಕ್ಕ ಬರೆಯಲು ಹೇಳಿದ್ದೂ ಗಣಿತದ ಟೀಚರಿಗೇ. ಆಯಿತು.

ಸಂಜೆಮಲ್ಲಿಗೆ (ಮೂರೂವರೆ ವಾರದ ನಂತರ):
ಬಂದೆ. ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಪ್ಪತ್ತೊಂದು ದಿನ ಬರೆದೆ. ಬೆಳಿಗ್ಗೆ ಸೊನ್ನೆ ಇಲ್ಲವೇ ಒಂದು, ಎಲ್ಲ ದಿನವೂ. ಶಾಲೆಯಿದ್ದ ದಿನ ಸಂಜೆ ಆರು, ಏಳು. ಭಾನುವಾರ ಎರಡು. ಒಂದು ದಿನ ಮಾತ್ರ ಒಂಬತ್ತು. ಅವತ್ತು ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ, ಮೂರು ಗಂಟೆ ಕೂರುವ ಹಾಗಿಲ್ಲ.

ಈ ಹಾಳೆಯನ್ನೇ ತೆಗೆದುಕೊಂಡು ಹೋದೆ. ಮಧ್ಯಾಹ್ನ ನಾಲ್ಕಕ್ಕೆ ಸಮಯ ಕೇಳಿ ಪಡೆದೆ, ನಿಲ್ಲಿಸಿ ನೋಡಿ ಎಂದು ಕೇಳಿದೆ. ಸ್ಕ್ಯಾನ್ ಮಾಡುವ ಹುಡುಗಿ ಒಂದು ಕ್ಷಣ ನನ್ನನ್ನೇ ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. ಮಲಗಿದಾಗ ಎಡನಾಳ 5 ಮಿಲಿಮೀಟರ್. ನಿಂತು ತಿಣುಕಿದಾಗ 9, ಹರಿವು ಹಿಮ್ಮುಖ. ಬಲಗಡೆ ಸರಿಯಿದೆ. ಎರಡು ಸಂದುಗಳನ್ನೂ ಎಂಆರ್ ಚಿತ್ರದಲ್ಲಿ ನೋಡಿದರು, ಎಲ್ಲೂ ಒತ್ತಿಲ್ಲ. ಎಂಡೋಸಖಿ ಅವರೇ, ನಿಮ್ಮ ಪ್ರಶ್ನೆಯನ್ನೂ ಕೇಳಿದೆ. ಲ್ಯಾಪರೊಸ್ಕೋಪಿಯ ಹಳೆಯ ವಿಡಿಯೋ ತರಿಸಿ ಮತ್ತೆ ನೋಡಿದ್ದಾರೆ. ಎಂಡೊಮೆಟ್ರಿಯೋಸಿಸ್ ಕಾಣಲಿಲ್ಲ, ಆದರೂ ಇಲ್ಲವೇ ಇಲ್ಲ ಎಂದು ಬರೆದುಕೊಡುವುದಿಲ್ಲ ಎಂದರು. ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು.

ಶಾಲೆಗೆ ರಜೆ ಶುರುವಾದ ಎರಡನೆಯ ದಿನಕ್ಕೆ ದಿನಾಂಕ ಗೊತ್ತಾಗಿದೆ.

ಪುರಾವೆಪ್ರಿಯ:
ಇಷ್ಟು ನೋಡಿಕೊಂಡ ಮೇಲೆ ನನ್ನ ತಕರಾರಿಲ್ಲ. ಆರು ತಿಂಗಳು, ಒಂದು ವರ್ಷಕ್ಕೆ ಮತ್ತೆ ಅದೇ ಲೆಕ್ಕ ಬರೆದು ಇಲ್ಲಿ ಹಾಕಿ. ಚೆನ್ನಾಗಿದ್ದರೂ ಹಾಕಿ, ಇಲ್ಲದಿದ್ದರೂ ಹಾಕಿ.

ಎಂಡೋಸಖಿ:
ಕೇಳಿದಿರಲ್ಲ, ನನಗೆ ಅಷ್ಟೇ ಬೇಕಿತ್ತು.

ಬಾಲಂಗೋಚಿ:
ಅಕ್ಕ, ನಾಲ್ಕು ಗಂಟೆಗೆ ಸಮಯ ಕೇಳಿದ್ದನ್ನು ನಾನೂ ಕದಿಯುತ್ತೇನೆ.

ಹಳೆಯರೋಗಿ:
ಕುತ್ತಿಗೆಯೋ, ತೊಡೆಸಂದಿಯೋ? ಆ ಐದು ದಿನಕ್ಕೆ ಮನೆಯಲ್ಲಿ ಯಾರಿದ್ದಾರೆ?

ಸಂಜೆಮಲ್ಲಿಗೆ:
ಕುತ್ತಿಗೆಯಂತೆ, ಬಲಗಡೆ. ತಂಗಿ ಬರುತ್ತಾಳೆ. ದೊಡ್ಡ ಮಗಳು ‘ಹೊಟ್ಟೆನೋವಿಗೆ ಕುತ್ತಿಗೆ ಯಾಕಮ್ಮ?’ ಎಂದು ಕೇಳಿದಳು. ಅವಳ ಹಲಗೆಯ ಮೇಲೆ ಕುತ್ತಿಗೆ, ಹೃದಯ, ಮೂತ್ರಪಿಂಡ, ಅಂಡಾಶಯ ಎಂದು ದಾರಿ ಬರೆದು ತೋರಿಸಿದೆ. ಹಾಗಾದರೆ ಇದು ಬಸ್ ಮಾರ್ಗ ಎಂದಳು. ಕೊನೆಯ ನಿಲ್ದಾಣಕ್ಕೆ ಅವಳೇ ಕೆಂಪು ಚುಕ್ಕಿ ಇಟ್ಟಳು, ಸರಿಯಾದ ಜಾಗದಲ್ಲಿ.